ಭಿಶಿಗೆ ಹೊಸಬರು: ‘ನಮ್ಮ ಕಡೆಯವರು’ ಎಂದರೆ ಸಾಕೇ?

ಡೊಂಬಿವಲಿ ಪೂರ್ವ:
ಎಲ್ಲರಿಗೂ ನಮಸ್ಕಾರ. ಮುಂಬೈಯಲ್ಲಿ ಚೀಟಿ, ಭಿಶಿ ನಡೆಸಿ ಅನುಭವ ಇರುವವರು ದಯವಿಟ್ಟು ಸಲಹೆ ಕೊಡಿ. ನಮ್ಮ ಕಟ್ಟಡದ ಮತ್ತು ಎದುರು ಕಟ್ಟಡದ ಹನ್ನೆರಡು ಹೆಂಗಸರು ಸೇರಿ ಬಹಳ ವರ್ಷಗಳಿಂದ ಭಿಶಿ ಹಾಕುತ್ತಿದ್ದೇವೆ. ತಿಂಗಳಿಗೆ ತಲಾ 5,000 ರೂಪಾಯಿ. ಪ್ರತಿ ತಿಂಗಳು ಒಬ್ಬರಿಗೆ 60,000. ಹರಾಜಿಲ್ಲ, ಕಮಿಷನ್ನಿಲ್ಲ. ಹೆಸರು ಬರೆದ ಚೀಟಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮನೆಯ ಅತಿ ಚಿಕ್ಕ ಮಗುವಿನಿಂದ ಒಂದನ್ನು ಎತ್ತಿಸುತ್ತೇವೆ. ಹೆಸರು ಬಂದವರ ಮನೆಯಲ್ಲಿ ಮುಂದಿನ ತಿಂಗಳ ಚಹಾ, ಅವಲಕ್ಕಿ.

ಇಷ್ಟು ದಿನ ಹನ್ನೆರಡೂ ಜನ ಕನ್ನಡದವರೇ ಇದ್ದೆವು. ಈಗ ಒಬ್ಬರು ಮಗನ ಜೊತೆ ಬೆಂಗಳೂರಿಗೆ ಹೋದರು. ಎದುರು ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗಿದ್ದರಿಂದ ಇಬ್ಬರು ಬೇರೆ ಕಡೆ ಬಾಡಿಗೆಗೆ ಹೋದರು. ಖಾಲಿಯಾದ ಮೂರು ಜಾಗಕ್ಕೆ ಮೂವರು ಕೇಳುತ್ತಿದ್ದಾರೆ. ಒಬ್ಬರು ಎರಡನೆಯ ಮಹಡಿಯ ಮರಾಠಿ ನರ್ಸ್, ಕಟ್ಟಡ ಕಟ್ಟಿದಾಗಿನಿಂದ ಇಲ್ಲೇ ಇದ್ದಾರೆ. ಇನ್ನೊಬ್ಬರು ಮನೆಯಲ್ಲೇ ಖಾಖ್ರಾ ಮಾಡಿ ಮಾರುವ ಗುಜರಾತಿ ಹೆಂಗಸು. ಮೂರನೆಯವರು ಈಚೆಗಷ್ಟೇ ಬಾಡಿಗೆಗೆ ಬಂದವರು, ನಮ್ಮ ಜಿಲ್ಲೆಯವರೇ, ಮಾತು ಕೇಳಿದರೆ ಪಕ್ಕದ ಮನೆಯವರೆನ್ನಬೇಕು. ನಮ್ಮ ಹಿರಿಯರು ಈ ಮೂರನೆಯವರಿಗೆ ಒಂದೇ ಮಾತಿನಲ್ಲಿ ಹೂಂ ಎಂದರು. ಉಳಿದಿಬ್ಬರ ವಿಷಯಕ್ಕೆ “ನೋಡೋಣ” ಎಂದು ಬಾಯಿ ಕಟ್ಟಿದರು. ನನಗೆ ಇದು ತಲೆಕೆಳಗಾಗಿ ಕಾಣುತ್ತಿದೆ. ನಿಮಗೆ ಏನನ್ನಿಸುತ್ತದೆ?

ಮಾಟುಂಗಾ ಹಳಬ:
ತಾಯೀ, ನಿಮ್ಮ ಹಿರಿಯರನ್ನು ಸುಮ್ಮನೆ ದೂರಬೇಡಿ. ಅವರ ಲೆಕ್ಕಕ್ಕೂ ಒಂದು ಬೇರಿದೆ. ನಾನು ಈ ಊರಿಗೆ ಬಂದಾಗ ನನ್ನ ಕೈಯಲ್ಲಿದ್ದುದು ಒಂದು ಟ್ರಂಕು ಮತ್ತು ಊರಿನ ಶಾಲೆ ಮಾಸ್ತರರ ಒಂದು ಪತ್ರ. ಹೋಟೆಲಿನ ಧಣಿಗಳು ಪತ್ರವನ್ನು ಪೂರ್ತಿ ಓದಲೂ ಇಲ್ಲ. “ಯಾವ ಮನೆ, ತೋಡಿನ ಈಚೆಯೋ ಆಚೆಯೋ” ಎಂದಷ್ಟೇ ಕೇಳಿದರು. ಮರುದಿನ ಗಲ್ಲಾದ ಹತ್ತಿರ ನಿಲ್ಲಿಸಿದರು. ನಾನು ಹಣ ಎತ್ತಿಕೊಂಡು ಓಡಿದ್ದರೆ ಪೊಲೀಸರು ಬೇಕಿರಲಿಲ್ಲ, ಒಂದು ಪೋಸ್ಟ್ ಕಾರ್ಡ್ ಸಾಕಿತ್ತು. ಊರಿನಲ್ಲಿ ನನ್ನ ಅಪ್ಪ ಅಂಗಡಿ ಬಾಗಿಲಿಗೆ ಹೋಗದ ಹಾಗೆ ಆಗುತ್ತಿತ್ತು.

ರಜೆಗೆ ಊರಿಗೆ ಹೋಗುವವನ ಕೈಯಲ್ಲಿ ಹತ್ತು ಜನರ ಹಣ ಹೋಗುತ್ತಿತ್ತು, ಹತ್ತು ಲಕೋಟೆ, ಒಂದಕ್ಕೂ ರಶೀದಿ ಇಲ್ಲ. ಊರಿನಲ್ಲೂ ಅದೇ ರೀತಿ. ಉಡುಪಿಯಲ್ಲಿ 1925ರಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದ. ಜನ ಕೊಟ್ಟಿದ್ದು ಬ್ಯಾಂಕಿನ ಬೋರ್ಡು ನೋಡಿ ಅಲ್ಲ, ಆ ಏಜೆಂಟನ ಮುಖ ನೋಡಿ.

ಕಲ್ವಾ ಲೆಕ್ಕಿಗ:
ಹಿರಿಯರೇ, ನೀವು ಹೇಳಿದ್ದರಲ್ಲೇ ಉತ್ತರ ಇದೆ. ಧಣಿಗಳು ನಂಬಿದ್ದು ನಿಮ್ಮ ಭಾಷೆಯನ್ನಲ್ಲ, ನಿಮ್ಮ ಅಪ್ಪನ ವಿಳಾಸವನ್ನು. ಡೊಂಬಿವಲಿ ಅಕ್ಕನ ಮೂರನೆಯ ಅರ್ಜಿದಾರರ ಭಾಷೆ ಗೊತ್ತು, ವಿಳಾಸ ಯಾರಿಗೂ ಗೊತ್ತಿಲ್ಲ. ಊರು ಒಂದೇ ಆದ ಮಾತ್ರಕ್ಕೆ ಪೋಸ್ಟ್ ಕಾರ್ಡ್ ಯಾರಿಗೆ ಬರೆಯುತ್ತೀರಿ?

ನಾನು ಸಹಕಾರಿ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು, ಆದ್ದರಿಂದ ಒಂದೆರಡು ಒಣ ಮಾತು ಹೇಳಿಬಿಡುತ್ತೇನೆ. ಚೀಟಿಗಳಿಗೆ 1982ರ ಚಿಟ್ ಫಂಡ್ ಕಾಯ್ದೆ ಇದೆ. ಅದರ ಪ್ರಕಾರ ಚೀಟಿ ನಡೆಸುವವನು ಸರಕಾರದ ಅನುಮತಿ ಪಡೆದು ನೋಂದಾಯಿಸಬೇಕು, ಚೀಟಿಯ ಮೊತ್ತದಷ್ಟೇ ಭದ್ರತೆಯನ್ನು ರಿಜಿಸ್ಟ್ರಾರರಲ್ಲಿ ಇಡಬೇಕು. ಅವನ ಕಮಿಷನ್ ಮಿತಿ ಮೊದಲು ಶೇ. 5 ಇತ್ತು, 2019ರ ತಿದ್ದುಪಡಿಯಲ್ಲಿ ಶೇ. 7 ಆಯಿತು. ನಿಮ್ಮ ಸ್ಟೀಲ್ ಡಬ್ಬಿಗೆ ಇದಾವುದೂ ಇಲ್ಲ. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷದವರೆಗೆ ವಿಮೆ ಇದೆ, ಅದಕ್ಕೆ ಮೊದಲು 1 ಲಕ್ಷ ಮಾತ್ರ ಇತ್ತು. ಭಿಶಿಗೆ ವಿಮೆಯ ಮಾತೇ ಇಲ್ಲ. ಹಣ ಮುಳುಗಿದರೆ ದೂರು ಹಿಡಿದು ಹೋಗಲು ನಿಮ್ಮ ಕೈಯಲ್ಲಿ ಕಾಗದವೂ ಇರುವುದಿಲ್ಲ. ಭಿಶಿ ಬೇಡ ಎನ್ನುತ್ತಿಲ್ಲ, ನನ್ನ ಹೆಂಡತಿಯೇ ಎರಡು ಭಿಶಿಗಳಲ್ಲಿದ್ದಾಳೆ. ಅಲ್ಲಿ ಭದ್ರತೆ ಎಂದರೆ ಮನುಷ್ಯರೇ, ಆದ್ದರಿಂದ ಮನುಷ್ಯರನ್ನು ಸರಿಯಾಗಿ ನೋಡಿ ಎನ್ನುತ್ತಿದ್ದೇನೆ ಅಷ್ಟೆ.

ಸಾಂತಾಕ್ರೂಜ್ ವಾಸಿ:
ಈ ಊರಿನಲ್ಲಿ ನಂಬಿಕೆಗೆ ಭಾಷೆ ಬೇಡ. 2005ರ ಜುಲೈ 26ರಂದು ಇಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಎದೆಮಟ್ಟದ ನೀರಿನಲ್ಲಿ ಬರುತ್ತಿದ್ದ ನನ್ನನ್ನು ಹೆಸರೂ ಕೇಳದೆ ಒಳಗೆ ಕರೆದು, ಒಣ ಬಟ್ಟೆ ಕೊಟ್ಟು, ರಾತ್ರಿ ಮಲಗಿಸಿದರು. ಅವರು ಯಾವ ಭಾಷೆಯವರೆಂದು ನನಗೆ ಈಗಲೂ ತಿಳಿಯದು.

ಡೊಂಬಿವಲಿ ಪೂರ್ವ:
ಅಣ್ಣ, ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಅದು ಒಂದು ರಾತ್ರಿಯ ಮಾತು, ಭಿಶಿ ಹನ್ನೆರಡು ತಿಂಗಳಿನದು. ಮಳೆಯಲ್ಲಿ ಒಳಗೆ ಕರೆದವರು ಮರುತಿಂಗಳು 5,000 ರೂಪಾಯಿ ತಪ್ಪದೆ ತರುತ್ತಾರೆಂದು ಹೇಳಲಾಗುವುದಿಲ್ಲ. ತಪ್ಪದೆ ತರುವವರು ಆ ರಾತ್ರಿ ಬಾಗಿಲು ತೆರೆಯುತ್ತಿದ್ದರು ಎಂದೂ ಹೇಳಲಾಗುವುದಿಲ್ಲ. ನಮ್ಮ ಗುಂಪಿನಲ್ಲೇ ಅಂಥವರಿದ್ದಾರೆ, ಹೆಸರು ಬೇಡ.

ಕುರ್ಲಾ ಬ್ಯಾರಿ:
ತಡವಾಗಿ ಓದಿದೆ, ಆದರೂ ಬರೆಯುತ್ತೇನೆ. ನಾನು ಉಡುಪಿ ಕಡೆಯವನು. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ಹಿಂದಿ, ಕಾಗದದ ಮೇಲೆ ಕನ್ನಡ. ‘ನಮ್ಮ ಕಡೆಯವರು’ ಎಂಬ ಮಾತು ಎಷ್ಟು ದೂರ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನನ್ನಂಥವನನ್ನು ಕೇಳಿ. ಮದುವೆಯಾದ ಹೊಸತರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಪೂರ್ವ ಉಪನಗರದ ಒಂದು ಸೊಸೈಟಿಯಲ್ಲಿ ಮನೆಯ ಮಾಲೀಕರು ನಮ್ಮ ಜಿಲ್ಲೆಯವರೇ. ಅರ್ಧ ಗಂಟೆ ಊರಿನ ಮಾತು. ಮೀನಿನ ದರ, ಭೂತಕೋಲ, ಬಸ್ಸಿನ ಕಂಡಕ್ಟರುಗಳು, ಯಾವುದನ್ನೂ ಬಿಡಲಿಲ್ಲ. ಚಹಾ ಕುಡಿದೆವು. ಕೊನೆಗೆ ಕರಾರುಪತ್ರಕ್ಕೆಂದು ಪೂರ್ತಿ ಹೆಸರು ಕೇಳಿದರು, ಹೇಳಿದೆ. “ಸೊಸೈಟಿಯವರು ಒಪ್ಪುವುದಿಲ್ಲವಲ್ಲ” ಎಂದರು. ಅಷ್ಟು ಹೊತ್ತು ಸೊಸೈಟಿಯವರ ನೆನಪು ಅವರಿಗೆ ಆಗಿರಲಿಲ್ಲ.

ಕಾನೂನೂ ಇಲ್ಲಿ ನೆರವಿಗೆ ಬರುವುದಿಲ್ಲ ಎಂಬುದು ಎಷ್ಟು ಜನರಿಗೆ ಗೊತ್ತೋ. ಅಹಮದಾಬಾದಿನ ಪಾರ್ಸಿ ಗೃಹ ಸಹಕಾರಿ ಸಂಘವೊಂದು ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಇಟ್ಟುಕೊಂಡ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಸಮಾನ ಸಂಸ್ಕೃತಿಯವರು ಒಟ್ಟಾಗಿ ಬದುಕಲು ಬಯಸುವುದು ತಪ್ಪಲ್ಲ ಎಂಬ ಧಾಟಿಯ ತೀರ್ಪು ಅದು. ಒಳಗಿರುವವರಿಗೆ ಅದು ನೆಮ್ಮದಿ, ಹೊರಗೆ ನಿಂತವನಿಗೆ ಗೋಡೆ.

ಮಾಟುಂಗಾ ಹಿರಿಯರು ಉಡುಪಿಯ ಬ್ಯಾಂಕಿನ ಮಾತೆತ್ತಿದ್ದರಿಂದ ಇನ್ನೊಂದು ಹೇಳುತ್ತೇನೆ. ಅದಕ್ಕೂ ಮೊದಲೇ, 1906ರಲ್ಲಿ, ಅದೇ ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯನ್ನು ಕಟ್ಟಿದವರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್. ಅಲ್ಲಿ ಹಣ ಇಟ್ಟ ಊರವರು ಅವರ ಪೂರ್ತಿ ಹೆಸರು ಗೊತ್ತಿದ್ದೇ ಇಟ್ಟಿದ್ದರು.

ನಿರ್ವಾಹಕರು:
ಮೇಲಿನ ಉತ್ತರಕ್ಕೆ ಬಂದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಕೆಣಕದೆ ಬರೆಯಿರಿ.

ಮಾಟುಂಗಾ ಹಳಬ:
ಕುರ್ಲಾದವರೇ, ನಿಮ್ಮ ಮಾತು ಚುಚ್ಚಿತು, ಚುಚ್ಚಬೇಕಾದ್ದೇ. ಆದರೆ ಒಂದನ್ನು ಒಪ್ಪಿ. ಆ ಕಾಲದಲ್ಲಿ ನಮ್ಮಂಥ ಹುಡುಗರಿಗೆ ನಮ್ಮವರ ಹೊರತು ಬೇರೆ ದಿಕ್ಕಿರಲಿಲ್ಲ. ಹಗಲು ತಟ್ಟೆ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದವರು ಎಷ್ಟೋ ಜನ. ಆ ರಾತ್ರಿ ಶಾಲೆಗಳನ್ನು ನಡೆಸಿದ್ದು ಊರಿನ ಹೆಸರಿನ, ಸಮಾಜದ ಹೆಸರಿನ ಸಂಘಗಳೇ. ಗೋಡೆಯೂ ಹೌದು, ಆದರೆ ಮಳೆಗಾಲದಲ್ಲಿ ನಮಗೆ ಒರಗಿಕೊಳ್ಳಲು ಇದ್ದುದೂ ಆ ಗೋಡೆಯೇ.

ಕುರ್ಲಾ ಬ್ಯಾರಿ:
ಒಪ್ಪಿದೆ ಹಿರಿಯರೇ. ನಮ್ಮ ಜಮಾತ್ ಸಹ ಅದನ್ನೇ ಮಾಡಿದೆ. ನನ್ನ ಪ್ರಶ್ನೆ ಅಂದಿನದಲ್ಲ, ಈಗಿನ ಡೊಂಬಿವಲಿಯ ನರ್ಸಮ್ಮನದು.

ಹಡಪ್ಸರದಿಂದ:
ಪುಣೆಯ ಕಥೆ ಕೇಳಿ. ಇಲ್ಲಿ ನಮ್ಮ ಜಿಲ್ಲೆಯವರದೇ ಒಂದು ವಾಟ್ಸ್‌ಆ್ಯಪ್ ಗುಂಪಿತ್ತು. ಮದುವೆ ಸಂಬಂಧ, ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಊರಿಗೆ ಹೋಗುವ ಕಾರಿನಲ್ಲಿ ಎಷ್ಟು ಸೀಟು ಖಾಲಿ ಇದೆ, ಬರೀ ಇಂಥ ಮಾತು. ಒಬ್ಬ ಹೊಸಬ ಬಂದ. ಅಚ್ಚ ಊರ ಮಾತು, ಸಂಕ್ರಾಂತಿಗೆ ಎಲ್ಲರಿಗೂ ಶುಭಾಶಯ, ಯಾರದೋ ತಾಯಿ ತೀರಿಕೊಂಡಾಗ ಮೊದಲ ಸಂತಾಪ ಅವನದೇ. ಎರಡು ತಿಂಗಳ ಮೇಲೆ ಮೆಲ್ಲಗೆ ಷೇರು ವ್ಯವಹಾರದ ಆ್ಯಪ್ ಒಂದರ ಕೊಂಡಿ ಹಾಕಿದ. “ಹೊರಗಿನವರಿಗೆ ಹೇಳುವುದಿಲ್ಲ, ನಮ್ಮವರಿಗೆ ಮಾತ್ರ” ಎಂದ. ಹಾಕಿದ ಹಣ ಪರದೆಯ ಮೇಲೆ ದಿನದಿನಕ್ಕೆ ಏರುತ್ತಿತ್ತು, ಹಿಂದಕ್ಕೆ ತೆಗೆಯಲು ಹೋದರೆ “ಮೊದಲು ತೆರಿಗೆ ಕಟ್ಟಿ” ಎಂದು ಬರುತ್ತಿತ್ತು. ನನ್ನ ಭಾವನ ಹಣವೂ ಹೋಯಿತು. ಭಾವ ಬ್ಯಾಂಕಿನಿಂದ ಯಾರಾದರೂ ಹಿಂದಿಯಲ್ಲಿ ಕರೆ ಮಾಡಿದರೆ ಮೂರು ಬಾರಿ ವಿಚಾರಿಸುವ ಮನುಷ್ಯ. ಇವನನ್ನು ಒಂದು ಮಾತೂ ಕೇಳಲಿಲ್ಲ.

ಮೋಸಗಾರನಿಗೆ ಬೀಗ ಒಡೆಯುವ ಕೆಲಸವೇ ಇರಲಿಲ್ಲ, ಕೀಲಿಕೈಯನ್ನು ನಾವೇ ಕೊಟ್ಟಿದ್ದೆವು. ಯಾರಿಗಾದರೂ ಹೀಗಾದರೆ ನಾಚಿಕೆಯಿಂದ ಕೂರಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಹೋಗುತ್ತದೆ. ನಮ್ಮ ಗುಂಪಿನವರು “ಮರ್ಯಾದೆ ಹೋಗುತ್ತದೆ” ಎಂದು ನಾಲ್ಕು ದಿನ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಆತ ಇನ್ನೂ ಕೆಲವರಿಗೆ ಕೊಂಡಿ ಕಳಿಸಿದ್ದ.

ಅಂಧೇರಿ ಕಿರಿಯ:
2016ರಿಂದ ಯುಪಿಐ ಇದೆ, ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಣ ಹಾಕುವ ಎಸ್‌ಐಪಿ ಇದೆ, ಎಲ್ಲವೂ ಬೆರಳ ತುದಿಯಲ್ಲಿದೆ. ಇನ್ನೂ ಡಬ್ಬಿಯಲ್ಲಿ ಚೀಟಿ ಹಾಕಿ ಕೂರುವುದೇಕೆ? ಬಡ್ಡಿಯೂ ಇಲ್ಲದ ವ್ಯವಹಾರ.

ಡೊಂಬಿವಲಿ ಪೂರ್ವ:
ತಮ್ಮಾ, ನನ್ನ ಮಗಳೂ ಇದನ್ನೇ ಕೇಳುತ್ತಾಳೆ, ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಎಸ್‌ಐಪಿಯನ್ನು ಒಂದು ಗುಂಡಿ ಒತ್ತಿ ನಿಲ್ಲಿಸಬಹುದು. ಭಿಶಿ ನಿಲ್ಲಿಸಬೇಕಾದರೆ ಹನ್ನೊಂದು ಹೆಂಗಸರ ಮುಖ ನೋಡಬೇಕು. ಕೈ ಬಿಗಿಯಾದ ತಿಂಗಳಲ್ಲೂ ನಾನು ಹಣ ಹೊಂದಿಸಿದ್ದು ಆ ಮುಖಗಳಿಗೆ ಹೆದರಿ. ಇನ್ನೊಂದು, ಹೋದ ವರ್ಷ ನಮ್ಮಲ್ಲೊಬ್ಬರ ಗಂಡನಿಗೆ ಆಂಜಿಯೋಪ್ಲಾಸ್ಟಿ ಆಯಿತು. ಆ ತಿಂಗಳು ಚೀಟಿ ಎತ್ತಲೇ ಇಲ್ಲ, ಎಲ್ಲರೂ ಕೂಡಿ ಅವರಿಗೇ ಕೊಟ್ಟೆವು. ಯಾವ ಆ್ಯಪ್ ತನ್ನ ಸರದಿಯನ್ನು ಬಿಟ್ಟುಕೊಡುತ್ತದೆ ಹೇಳು. ಹಣವನ್ನು ನಾವೂ ಯುಪಿಐನಲ್ಲೇ ಹಾಕುತ್ತೇವೆ, ಅಷ್ಟು ಹಳಬರಲ್ಲ.

ದಾದರ್ ಡಬ್ಬಾ:
ಡಬ್ಬಿ ಎಂದ ಕೂಡಲೇ ನನಗೆ ಡಬ್ಬಾವಾಲಾಗಳು ನೆನಪಾದರು. ಚರ್ಚ್‌ಗೇಟ್ ಕಚೇರಿಯಲ್ಲಿದ್ದಷ್ಟು ಕಾಲ ನನ್ನ ಊಟ ಅವರ ಕೈಯಲ್ಲೇ ಬರುತ್ತಿತ್ತು. ‘ಸಂಸ್ಕೃತಿ ಒಂದೇ ಆದರೆ ನಂಬಿಕೆ ತಾನೇ ಬರುತ್ತದೆ’ ಎನ್ನುವವರು ಅವರನ್ನೇ ಉದಾಹರಣೆ ಕೊಡುತ್ತಾರೆ. 1890ರಲ್ಲಿ ಮಹಾದು ಹಾವಜಿ ಬಚ್ಚೆ ಶುರು ಮಾಡಿದ ಕೆಲಸ. ಬಹುತೇಕರು ಪುಣೆ ಜಿಲ್ಲೆಯ ಮಾವಳ, ಮುಳಶಿ, ಖೇಡ್, ಜುನ್ನರ ಕಡೆಯವರು. ಪಂಢರಪುರದ ವಿಠ್ಠಲನ ಭಕ್ತರು, ಅದೇ ಬಿಳಿ ಟೊಪ್ಪಿ. ಎಲ್ಲವೂ ನಿಜ.

ಆದರೆ ಯಾವತ್ತಾದರೂ ಡಬ್ಬಿಯ ಮುಚ್ಚಳವನ್ನು ಹತ್ತಿರದಿಂದ ನೋಡಿದ್ದೀರಾ? ನನ್ನ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ, ಅಂಕಿಗಳಿದ್ದವು. ಎಲ್ಲಿಂದ ಹೊರಟಿತು, ಯಾವ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಒಯ್ಯುವವನು ಯಾರು, ಯಾವ ಕಟ್ಟಡ, ಎಷ್ಟನೆಯ ಮಹಡಿ, ಎಲ್ಲವೂ ಅದರಲ್ಲಿ. ಒಂದು ಡಬ್ಬಿ ಮೂರು ನಾಲ್ಕು ಕೈ ದಾಟುತ್ತದೆ, ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಗುಂಪಿಗೊಬ್ಬ ಮುಕಾದಮ ಅಂದರೆ ಮುಖ್ಯಸ್ಥ, ಗುಂಪಿನ ಗಳಿಕೆಯನ್ನು ಹಂಚಿಕೊಳ್ಳುವ ಪದ್ಧತಿ. ಸೇರುವವನು ಬರಿಗೈಯಲ್ಲಿ ಬರುವ ಹಾಗಿಲ್ಲ, ಸೈಕಲ್ಲು, ಡಬ್ಬಿ ಜೋಡಿಸುವ ಮರದ ಕ್ರೇಟು ತರಬೇಕು. ಒಬ್ಬ ತಪ್ಪಿದರೆ ಗುಂಪಿನ ಹೊಟ್ಟೆಗೇ ಪೆಟ್ಟು. ವಿಠ್ಠಲ ಅವರನ್ನು ಒಂದೇ ಪ್ಲಾಟ್‌ಫಾರಂನಲ್ಲಿ ನಿಲ್ಲಿಸಿದ, ಸರಿ. ಆದರೆ ಡಬ್ಬಿಯನ್ನು ಸರಿಯಾದ ಮೇಜಿಗೆ ತಲುಪಿಸಿದ್ದು ಮುಚ್ಚಳದ ಮೇಲಿನ ಆ ಗುರುತು.

ಬಿಕೆಸಿ ಗುಮಾಸ್ತ:
ವಜ್ರದ ಪೇಟೆಯಲ್ಲೂ ಇದೇ ಮಾತು. ಲಕ್ಷಾಂತರ ರೂಪಾಯಿಯ ಮಾಲು ಒಂದು ಜಾಂಗಡ್ ಚೀಟಿಯ ಮೇಲೆ ಕೈ ಬದಲಾಗುತ್ತದೆ: ತೋರಿಸಲು ಒಯ್ಯಿ, ಮಾರಿದರೆ ಹಣ ಕೊಡು, ಇಲ್ಲವಾದರೆ ಮಾಲು ತಾ. ಹೊರಗಿನವರು “ಎಂಥ ನಂಬಿಕೆ” ಎಂದು ಬೆರಗಾಗುತ್ತಾರೆ. ಒಳಗಿನವರಿಗೆ ಗೊತ್ತು, ಒಮ್ಮೆ ಮಾತು ತಪ್ಪಿದವನಿಗೆ ಸಂಜೆಯೊಳಗೆ ಇಡೀ ಪೇಟೆ ಬಾಗಿಲು ಹಾಕುತ್ತದೆ. ಮತ್ತು ಆ ಚೀಟಿಯಲ್ಲಿ ತೂಕ, ದರ ಎಲ್ಲವೂ ಬರೆದಿರುತ್ತದೆ. ಬರಿ ಬಾಯಿಮಾತಲ್ಲ.

ಮಾಟುಂಗಾ ಹಳಬ:
ಹಾಗಾದರೆ ನಂಬಿಕೆಗೆ ಬೆಲೆಯೇ ಇಲ್ಲವೆನ್ನುತ್ತೀರಾ? 1982ರ ಜನವರಿಯಲ್ಲಿ ಬಟ್ಟೆ ಗಿರಣಿ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಪರೇಲಿನಲ್ಲಿ ನಮ್ಮ ಪರಿಚಯದ ಖಾನಾವಳಿಯ ಹೆಂಗಸು ತಿಂಗಳುಗಟ್ಟಲೆ ಉದ್ದರಿಯಲ್ಲಿ ಊಟ ಹಾಕಿದಳು. ಉಂಡವರಲ್ಲಿ ಕೊಂಕಣದವರಿದ್ದರು, ಸಾತಾರಾದವರಿದ್ದರು, ನಮ್ಮವರೂ ಇದ್ದರು. ಯಾವ ಕಾಗದ ಇತ್ತು ಅಲ್ಲಿ?

ಕಲ್ವಾ ಲೆಕ್ಕಿಗ:
ಉದ್ದರಿ ಪುಸ್ತಕ ಇತ್ತು ಹಿರಿಯರೇ, ಕೆಂಪು ಬಟ್ಟೆಯ ರಟ್ಟಿನದು, ನೀವೂ ನೋಡಿರುತ್ತೀರಿ. ಖಾನಾವಳಿ ಕೊನೆಗೆ ಏನಾಯಿತು?

ಮಾಟುಂಗಾ ಹಳಬ:
ಮುಚ್ಚಿತು. ಗಿರಣಿಗಳೇ ತೆರೆಯದಿದ್ದರೆ ಅವಳಾದರೂ ಏನು ಮಾಡುತ್ತಾಳೆ? ಕೆಲವರು ಊರಿನಿಂದ ಹಣ ಕಳಿಸಿದರು, ಎಲ್ಲರಿಗೂ ಆಗಲಿಲ್ಲ. ಅವರು ಮೋಸಗಾರರಲ್ಲ, ಅಷ್ಟನ್ನು ಇಲ್ಲಿ ಬರೆದಿಡಬೇಕು ಅನ್ನಿಸಿತು.

ಕಲ್ವಾ ಲೆಕ್ಕಿಗ:
ಸರಿಯಾದ ಮಾತು. ಹಣ ಬಾರದಿರಲು ಮೋಸವೇ ಆಗಬೇಕಿಲ್ಲ, ಕೈಲಾಗದಿದ್ದರೂ ಬರುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಮುಂಬೈಯ ಒಂದು ದೊಡ್ಡ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಗ್ರಾಹಕರಿಗೆ ಮೊದಲು ಸಿಕ್ಕಿದ್ದು 1,000 ರೂಪಾಯಿ ಮಾತ್ರ. ಆ ತಿಂಗಳು ಎಷ್ಟು ಭಿಶಿಗಳು ತಪ್ಪಿರಬೇಕು ಯೋಚಿಸಿ. ಎಷ್ಟು ಒಳ್ಳೆಯವರಾದರೇನು, ಹಣ ಬ್ಯಾಂಕಿನಲ್ಲೇ ಸಿಕ್ಕಿಬಿದ್ದಿತ್ತು.

ಈಗ ಡೊಂಬಿವಲಿ ಅಕ್ಕನಿಗೆ ಕೆಲಸದ ಮಾತು. ಭಿಶಿಯಲ್ಲಿ ಅಪಾಯ ಎಲ್ಲಿದೆ ನೋಡಿ. ಮೊದಲ ತಿಂಗಳು ಚೀಟಿ ಬಂದವರು 5,000 ಹಾಕಿ 60,000 ಒಯ್ಯುತ್ತಾರೆ, ಇನ್ನೂ 55,000 ಬಾಕಿ ಇರುತ್ತದೆ. ಅವರು ಮನೆ ಖಾಲಿ ಮಾಡಿ ಹೋದರೆ ನಿಮಗೆ ನಷ್ಟ. ಕೊನೆಯ ತಿಂಗಳು ಪಡೆಯುವವರು 55,000 ಮೊದಲೇ ಕಟ್ಟಿರುತ್ತಾರೆ, ಅವರಿಂದ ನಿಮಗೆ ಕಿಂಚಿತ್ತೂ ಅಪಾಯವಿಲ್ಲ. ಆದ್ದರಿಂದ ಹೊಸಬರು ಯಾರೇ ಆಗಲಿ, ಮೊದಲ ವರ್ಷ ಅವರ ಹೆಸರಿನ ಚೀಟಿಯನ್ನು ಕೊನೆಯ ಮೂರು ತಿಂಗಳವರೆಗೆ ಡಬ್ಬಿಗೆ ಹಾಕಬೇಡಿ. ಆಗ ನೀವು ಅವರನ್ನು ನಂಬುವ ಪ್ರಶ್ನೆ ಬಹುತೇಕ ಏಳುವುದಿಲ್ಲ, ಅವರು ನಿಮ್ಮನ್ನು ನಂಬಬೇಕು. ಒಪ್ಪಿದರೆ ಸೇರಿಸಿಕೊಳ್ಳಿ. ಭಾಷೆ, ಊರು ಕೇಳಲೇಬೇಡಿ.

ಕುರ್ಲಾ ಬ್ಯಾರಿ:
ಇಷ್ಟು ನೇರವಾದ ಮಾತನ್ನು ಯಾವ ಸೊಸೈಟಿಯ ಸಭೆಯಲ್ಲೂ ಕೇಳಿಲ್ಲ.

ಡೊಂಬಿವಲಿ ಪೂರ್ವ:
ಶನಿವಾರದ ಸಭೆಯಲ್ಲಿ ಇದನ್ನೇ ಇಟ್ಟೆ. ಮೂವರನ್ನೂ ಕರೆಸಿದ್ದೆವು. ನರ್ಸ್ ತಕ್ಷಣ ಒಪ್ಪಿದರು. ಅವರಿಗೆ ಮಗನ ಕಾಲೇಜು ಶುಲ್ಕಕ್ಕೆ ವರ್ಷದ ಕೊನೆಗೇ ಹಣ ಬೇಕಂತೆ. ಖಾಖ್ರಾದವರು ಒಪ್ಪುವ ಮೊದಲು ನಮ್ಮ ಪುಸ್ತಕ ಕೇಳಿದರು. ಕೊಟ್ಟೆ. ಪೂರ್ತಿ ಕನ್ನಡದಲ್ಲಿದೆ, ಒಂದಕ್ಷರ ಅವರಿಗೆ ಬಾರದು, ಆದರೂ ಬೆರಳಿಟ್ಟು ಸಾಲು ಸಾಲಾಗಿ ಅಂಕಿ ಕೂಡಿಸಿದರು. ಒಂದು ತಿಂಗಳ ಮುಂದೆ ಒಬ್ಬರ ಸಹಿ ಇಲ್ಲದ್ದನ್ನು ಹಿಡಿದರು. ಅಷ್ಟು ವರ್ಷಗಳಲ್ಲಿ ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಮುಂದಿನ ವರ್ಷದಿಂದ ಪುಸ್ತಕ ಅವರೇ ಬರೆಯಲಿ ಎಂದು ನಾನು ಹೇಳಿದೆ, ಎರಡು ಜನ ಮುಖ ಸಿಂಡರಿಸಿದರು, ಉಳಿದವರು ನಕ್ಕರು. ಅಂತೂ ಹೆಸರುಗಳನ್ನು ದೇವನಾಗರಿಯಲ್ಲೂ ಬರೆಯುವುದೆಂದು ತೀರ್ಮಾನವಾಯಿತು.

ನಮ್ಮ ಜಿಲ್ಲೆಯವರು ಮಾತ್ರ ಮೊದಲ ತಿಂಗಳೇ ಬೇಕೆಂದರು, ತಮ್ಮನ ಮದುವೆಯಂತೆ. ಸುಳ್ಳಿರಲಾರದು, ಆಮಂತ್ರಣ ಪತ್ರಿಕೆಯನ್ನೂ ತಂದಿದ್ದರು. ನಮ್ಮ ಹಿರಿಯರಲ್ಲಿ ಒಬ್ಬರು, “ಮದುವೆ ಕಾರ್ಯ, ಇಲ್ಲ ಎನ್ನಬಾರದು” ಎಂದು ಹಟ ಹಿಡಿದರು. ನೀವು ಜಾಮೀನು ನಿಲ್ಲುತ್ತೀರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಅರ್ಧಕ್ಕೆ ನಿಲ್ಲುತ್ತೇನೆ” ಎಂದರು. ಲೆಕ್ಕಿಗ ಅಣ್ಣ, ಅರ್ಧ ಜಾಮೀನು ನಡೆಯುತ್ತದೆಯೇ?

ಕಲ್ವಾ ಲೆಕ್ಕಿಗ:
ನಡೆಯುತ್ತದೆ, ಉಳಿದರ್ಧಕ್ಕೆ ಇನ್ನೊಬ್ಬರು ಸಿಕ್ಕಿದರೆ. ಜಾಮೀನು ನಿಂತವರ ಸರದಿಯೂ ಸಾಧ್ಯವಾದಷ್ಟು ಕೊನೆಗೆ ಇರಲಿ. ಹೊಸಬರು ತಪ್ಪಿದರೆ ಬಾಕಿಯನ್ನು ಇವರ ಪಾಲಿನಿಂದ ಮುರಿದುಕೊಳ್ಳಬೇಕು, ಅದನ್ನು ಪುಸ್ತಕದಲ್ಲಿ ಬರೆದು ಇಬ್ಬರ ಸಹಿಯನ್ನೂ ಈಗಲೇ ಹಾಕಿಸಿ. ಆ ಇನ್ನೊಬ್ಬರು ಸಿಗುವವರೆಗೆ ಮೊದಲ ತಿಂಗಳ ಚೀಟಿಯನ್ನು ಹಳಬರ ಹೆಸರಿನಲ್ಲೇ ಎತ್ತಿ.

ಡೊಂಬಿವಲಿ ಪೂರ್ವ:
ಹಾಗೇ ಮಾಡುತ್ತೇವೆ. ಇನ್ನೊಬ್ಬರಿಗಾಗಿ ಗುಂಪಿನಲ್ಲಿ ಕೇಳಿದ್ದೇನೆ. ಏಳು ಜನ ಓದಿದ್ದಾರೆ, ಈವರೆಗೆ ಯಾರೂ ಉತ್ತರ ಹಾಕಿಲ್ಲ.